ಎರವಲು ಕಿವಿ

ಸ್ಟಿಕ್ಕರು ಹೋಗಿತ್ತು, ಅದರ ಅಂಟು ಹೋಗಿರಲಿಲ್ಲ. ಜಗದೇವಪ್ಪ ತನ್ನ ಹಳೆಯ ಫಿಯಾಟ್ ಕಾರಿನ ಬಾನೆಟ್ ಎತ್ತಿ, ಅದರ ಒಳಮೈಯನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬನಿಯನ್ ಚೂರಿನಿಂದ ಅರ್ಧ ಗಂಟೆಯಿಂದ ತಿಕ್ಕುತ್ತಿದ್ದ. ತಿಕ್ಕಿದಷ್ಟೂ ಅಂಟು ಹರಡಿಕೊಂಡು, ಅಂಗೈಯಗಲ ಇದ್ದದ್ದು ರೊಟ್ಟಿಯಗಲವಾಗಿತ್ತು. ಸ್ಟಿಕ್ಕರನ್ನು ಮಂಗಳವಾರವೇ ಉಗುರಿನಿಂದ ಕೆರೆದು ಕಿತ್ತಿದ್ದ; ಎರಡು ಚೂರಾಗಿ ಬಂದದ್ದನ್ನು ಎಸೆಯಲು ಯಾಕೋ ಕೈ ಬಾರದೆ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. ಒಂದು ಚೂರಿನಲ್ಲಿ ‘ಭೀಮೇಶ ಆಟೋ’ ಎಂದಿತ್ತು, ಇನ್ನೊಂದರಲ್ಲಿ ‘ಕೇರ್, ಯಾದಗಿರಿ’ ಎಂದು. ಕೆಳಗಿನ ಫೋನ್ ನಂಬರು ಎರಡಕ್ಕೂ ಹಂಚಿಹೋಗಿತ್ತು. ಅರವತ್ಮೂರು ವರ್ಷದ ಮನುಷ್ಯ, ನಾರಾಯಣಪುರದ ಆಣೆಕಟ್ಟಿನಲ್ಲಿ ಮೂವತ್ತೈದು ವರ್ಷ ನೌಕರಿ ಮಾಡಿ ಹಾರ ಹಾಕಿಸಿಕೊಂಡು ಮನೆಗೆ ಬಂದವನು, ಸುರಪುರದ ತನ್ನದೇ ಅಂಗಳದಲ್ಲಿ ಕಳ್ಳನ ಹಾಗೆ ಆಚೀಚೆ ನೋಡುತ್ತ ತನ್ನದೇ ಕಾರನ್ನು ತಿಕ್ಕಬೇಕಾಗಿ ಬಂತಲ್ಲ ಎಂದು ಅವನಿಗೆ ನಗುವೂ ಬಂತು, ತನ್ನ ಮೇಲೆ ಸಿಟ್ಟೂ ಬಂತು. ಇವತ್ತು ತಿಂಗಳ ಮೊದಲ ಶನಿವಾರ. ತಿಂಗಳ ಮೊದಲ ಶನಿವಾರ ಫಿಯಾಟು ಶಹಾಪುರಕ್ಕೆ, ಲಾಡ್ಲೇಸಾಬನ ಗ್ಯಾರೇಜಿಗೆ ಹೋಗಲೇಬೇಕು. ಮೂವತ್ತೊಂದು ವರ್ಷದಿಂದ ಈ ಪದ್ಧತಿ ತಪ್ಪಿಲ್ಲ. ಗುರುದೇವಿಯ ತಮ್ಮನ ಮದುವೆ ಅದೇ ದಿನ ಬಿದ್ದಾಗಲೂ ತಪ್ಪಿರಲಿಲ್ಲ, ಅದನ್ನು ಆಕೆ ಇನ್ನೂ ಮರೆತಿಲ್ಲ. ಲಾಡ್ಲೇಸಾಬ ಮೊದಲು ಮಾಡುವ ಕೆಲಸವೇ ಬಾನೆಟ್ ಎತ್ತುವುದು. ಎತ್ತಿದವನ ಕಣ್ಣು ಮೊದಲು ಬೀಳುವುದೇ ಈ ಜಾಗಕ್ಕೆ. ಅವನ ಕಿವಿ ಹೋಗಿದೆ, ಕಣ್ಣು ಇನ್ನೂ ಹದ್ದಿನದೇ.

ಒಳಗಿನಿಂದ ಹೆಂಡತಿ ಗುರುದೇವಿ ಕೆಮ್ಮಿದಳು. ಕೆಮ್ಮು ಮುಗಿಸಿ, ಉಪ್ಪಿಟ್ಟಿನ ತಟ್ಟೆ ಹಿಡಿದು ಕಟ್ಟೆಯ ಮೇಲೆ ಬಂದು ನಿಂತಳು.

“ಮುಗೀತೇನು ಅಭಿಷೇಕ? ಅದು ಜರಾ ಕೆಮ್ಮಿದ್ರ ಶಹಾಪುರಕ ಓಡ್ತೀರಿ. ನಾ ಎಂಟು ದಿನ ಆತು ಕೆಮ್ಮಾಕತ್ತು. ಕೇಳೀರೇನು?”

“ಕೇಳೀನಲ್ಲ.”

“ಕೇಳಿ ಏನ್ ಮಾಡೀರಿ?” ಎಂದು ತಟ್ಟೆ ಕೈಗಿಟ್ಟಳು. ಅವನು ಸೀಮೆಎಣ್ಣೆಯ ಕೈ ತೊಳೆದುಕೊಂಡು ಒಂದು ತುತ್ತು ಬಾಯಿಗಿಟ್ಟ. ಆಕೆ ಅವನ ಮುಖವನ್ನೇ ನೋಡುತ್ತಿದ್ದಳು. “ಹೆಂಗ ಆಗ್ಯಾದ?”

“ಚಲೋ ಆಗ್ಯಾದ.”

“ಉಪ್ಪೇ ಹಾಕಿಲ್ಲ ನಾ.”

ಮರೆತಳೋ, ಬೇಕೆಂದೇ ಬಿಟ್ಟಳೋ, ಕೇಳುವ ಧೈರ್ಯವಾಗಲಿಲ್ಲ. “ನಿಮ್ಮ ಚಲೋ ತಗೊಂಡು ನಾ ಏನ್ ಮಾಡ್ಲಿ? ಗ್ವಾಡಿ ಕೇಳಿದ್ರೂ ಇದಕ್ಕಿಂತ ಖರೆ ಹೇಳ್ತದ” ಎಂದು ಆಕೆ ಒಳಗೆ ಹೋಗಿ ಉಪ್ಪಿನ ಡಬ್ಬಿಯನ್ನೇ ತಂದು ಪಕ್ಕದಲ್ಲಿಟ್ಟಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದರೆ ಸಹಿಸಬಹುದಿತ್ತು. ಜಗದೇವಪ್ಪ ಅಂಥವನೇ, ಅವನಿಗೂ ಗೊತ್ತು. ಆಣೆಕಟ್ಟಿನಲ್ಲಿ ಮೊದಮೊದಲು ಅವನ ಕೆಲಸ ಹೊತ್ತು ಹೊತ್ತಿಗೆ ನೀರಿನ ಮಟ್ಟ ನೋಡಿ ಬರೆದಿಡುವುದು. ದೊಡ್ಡ ಸಾಹೇಬರು ಬೆನ್ನ ಹಿಂದೆ ಬಂದು ನಿಂತರೂ ಅಳತೆಗೋಲಿನಲ್ಲಿ ಕಂಡದ್ದನ್ನಷ್ಟೇ ಬರೆದವನು, ಒಂದು ಸೆಂಟಿಮೀಟರು ಅತ್ತಿತ್ತ ಮಾಡಿದವನಲ್ಲ. ಆದರೆ ಮನುಷ್ಯರು ಮುಖ ಎತ್ತಿ ‘ಹೆಂಗದ?’ ಎಂದು ಕೇಳಿದರೆ ಅವನ ನಾಲಿಗೆಗೆ ಬರುವುದು ಎರಡೇ ಮಾತು, ಚಲೋ ಮತ್ತು ಸರಿ. ಎದುರಿಗಿದ್ದವರ ಮುಖ ಸಣ್ಣದಾಗುವುದನ್ನು ಅವನಿಂದ ನೋಡಲಾಗುವುದಿಲ್ಲ. ಇದನ್ನು ಅವನು ಇಷ್ಟು ದಿನ ಒಳ್ಳೆಯತನ ಎಂದುಕೊಂಡಿದ್ದ. ಉಪ್ಪು ಉದುರಿಸಿಕೊಂಡು ಉಪ್ಪಿಟ್ಟು ತಿಂದು ಮುಗಿಸಿದ.

ಗುರುದೇವಿ ಈ ಕಾರಿನಿಂದ ಕೇಳಿದ್ದು ಒಂದೇ ಒಂದು ಸಲ. ಬೋನಾಳದ ಕೆರೆಗೆ ಹಕ್ಕಿ ಬಂದಿವೆಯಂತೆ, ಮುಂದಿನ ಓಣಿಯ ಶಾಲೆಯವರೆಲ್ಲ ಹೋಗಿಬಂದರು, ನಾವೂ ಒಮ್ಮೆ ಹೋಗೋಣು ಎಂದಳು. ಹೋದ ಜನವರಿಯ ಒಂದು ಬೆಳಿಗ್ಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು, ಮದುವೆಗೆ ಹೊರಟವಳ ಹಾಗೆ ಇಳಕಲ್ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಳು. ಕೆರೆ ಇನ್ನು ಒಂದು ಮೈಲಿ ಇರುವಾಗ, ಎತ್ತಿನ ಬಂಡಿಯೂ ಲೆಕ್ಕಕ್ಕಿಡದ ಒಂದು ಸಣ್ಣ ಏರಿನಲ್ಲಿ ಎಂಜಿನ್ನು ಟಣಟಣ ಬಡಿದುಕೊಂಡು, ಹೊಗೆಯೋ ಹಬೆಯೋ ಬಿಟ್ಟು ನಿಂತುಬಿಟ್ಟಿತು. ಅವನು ಬಾನೆಟ್ ಎತ್ತಿ ಇಳಿಸಿ, ಎತ್ತಿ ಇಳಿಸಿ ಮಾಡುತ್ತಿದ್ದರೆ ಆಕೆ ರಸ್ತೆ ದಂಡೆಯ ಕಲ್ಲಿನ ಮೇಲೆ ಕೂತು ದೂರ ನೋಡುತ್ತಿದ್ದಳು. ನೀರಿನ ಆ ಕಡೆ ಬಿಳಿಯ ಚುಕ್ಕೆಗಳಷ್ಟೇ ಕಾಣುತ್ತಿದ್ದವು. “ಇಲ್ಲಿಂದಾನೂ ಕಾಣ್ತಾವ ಬಿಡ್ರಿ” ಎಂದಳು. ಅವನು ಬಾನೆಟ್ ಮುಚ್ಚಿಬಿಟ್ಟ. ಉಳ್ಳಾಗಡ್ಡಿ ಚೀಲ ತುಂಬಿದ ಗೂಡ್ಸ್ ಆಟೋದಲ್ಲಿ, ಚೀಲದ ಮೇಲೆ ಕೂತು, ಇಳಕಲ್ ಸೀರೆಯ ಸೆರಗನ್ನು ಗಾಳಿಗೆ ಹಿಡಿದುಕೊಂಡು ಆಕೆ ಊರಿಗೆ ವಾಪಸಾದಳು. ಓಣಿಯವರೆಲ್ಲ ನೋಡಿದರು. ಹಕ್ಕಿ ಕಂಡವೇನವ್ವಾ ಎಂದು ಕೇಳಿದವರಿಗೆಲ್ಲ ಕಂಡವು, ರಗಡ ಕಂಡವು ಎಂದಳು. ಎಂಜಿನ್ನು ಹೀಗೆ ಬಡಿದುಕೊಳ್ಳಲು ಶುರುವಾಗಿ ಒಂದೂವರೆ ವರ್ಷವಾಗಿತ್ತು. ಕಾರಣ ಅವನಿಗೆ ಗೊತ್ತಿತ್ತು, ಅಥವಾ ಗೊತ್ತು ಎಂದುಕೊಂಡಿದ್ದ: ಲಾಡ್ಲೇಸಾಬನಿಗೆ ಕಿವಿ ಕೇಳುವುದಿಲ್ಲ.

ಕಿವಿ ಕೇಳದ ಮೇಲೆ ಟೈಮಿಂಗ್ ಇಡುವುದು ಹೇಗೆ? ಅದೇನು ಬ್ರಹ್ಮವಿದ್ಯೆಯಲ್ಲ. ಎಂಜಿನ್ನಿನ ಪಕ್ಕದಲ್ಲಿ ಕರಿಯ ಟೋಪಿ ಹಾಕಿಕೊಂಡು ಡಿಸ್ಟ್ರಿಬ್ಯೂಟರ್ ಎಂಬ ಡಬ್ಬಿ ಕೂತಿರುತ್ತದೆ. ಅದರ ಬುಡದ ನಟ್ಟು ಸಡಿಲಿಸಿ, ಎಂಜಿನ್ನು ಓಡುತ್ತಿರುವಾಗಲೇ ಡಬ್ಬಿಯನ್ನು ಕೈಯಿಂದ ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸಬೇಕು. ಒಂದು ಕಡೆಗೆ ಹೋದರೆ ಉಬ್ಬಸ, ಇನ್ನೊಂದು ಕಡೆಗೆ ಹೋದರೆ ಗದರಿಕೆ, ನಡುವೆ ಒಂದೇ ಒಂದು ಜಾಗದಲ್ಲಿ ಸಮಾಧಾನ. ಆ ಸಮಾಧಾನ ಕಿವಿಗೆ ಸಿಕ್ಕ ಕೂಡಲೇ ನಟ್ಟು ಬಿಗಿಯಬೇಕು. ನಾರಾಯಣಪುರದಲ್ಲಿ ವರ್ಗವಾಗಿ ಹೋಗುತ್ತಿದ್ದ ಎಂಜಿನಿಯರೊಬ್ಬರಿಂದ ಈ ಹಾಲುಬಣ್ಣದ ಫಿಯಾಟನ್ನು ಕೊಂಡ ವರ್ಷ, ಅದನ್ನು ಮೊದಲ ಸಲ ಶಹಾಪುರಕ್ಕೆ ತಂದಾಗ, ಲಾಡ್ಲೇಸಾಬ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಮರದ ಹಿಡಿಕೆಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ನಿಂತಿದ್ದ. “ಸಾಹೇಬ್ರ, ಈ ಗಾಡಿಗೆ ಏನೂ ಆಗಿಲ್ಲ. ಯಾರೂ ಇದರ ಮಾತ ಕೇಳಿಲ್ಲ ಅಷ್ಟೇ” ಎಂದಿದ್ದ. ಆ ದಿನದಿಂದ ಕಾರು ಅರ್ಧ ಅವನದೇ ಆಗಿತ್ತು. ಈಗ ಎರಡು ವರ್ಷದಿಂದ ಹಿಡಿಕೆಯನ್ನು ಕಿವಿಗಿಡುವುದು ಬಿಟ್ಟು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾನೆ. ಮುದುಕರಿಗೆ ಒಂದೊಂದು ಚಟ ಎಂದುಕೊಂಡಿದ್ದ ಜಗದೇವಪ್ಪ. ಒಂದು ದಿನ ಟ್ರ್ಯಾಕ್ಟರೊಂದು ಬೆನ್ನಿಗೇ ಬಂದು ಹಾರ್ನು ಹೊಡೆದರೂ ಲಾಡ್ಲೇಸಾಬ ಅಲ್ಲಾಡದೆ ನಿಂತಾಗ ತಿಳಿಯಿತು. ತಿಳಿದದ್ದನ್ನು ಹೇಳುವುದು ಹೇಗೆ? ಹೇಳಲಿಲ್ಲ. ಲಾಡ್ಲೇಸಾಬನೂ ಹೇಳಲಿಲ್ಲ. ಡಬ್ಬಿ ತಿರುಗಿಸುತ್ತ, “ನೀವ ಕೇಳ್ರಿ ಸಾಹೇಬ್ರ, ಈಗ ಹೆಂಗದ?” ಎಂದು ಮಾತ್ರ ಕೇಳುತ್ತಿದ್ದ. ಇಷ್ಟು ವರ್ಷದ ಮೇಲೆ ತನ್ನನ್ನೂ ಒಬ್ಬ ಕಸುಬುದಾರನೆಂದು ಒಪ್ಪಿಕೊಂಡಿದ್ದಾನೆ, ಪರೀಕ್ಷೆ ಮಾಡುತ್ತಿದ್ದಾನೆ ಎಂದು ಜಗದೇವಪ್ಪನಿಗೆ ಒಳಗೊಳಗೇ ಉಬ್ಬು. “ಸರಿ ಅದ” ಎನ್ನುತ್ತಿದ್ದ.

ಹೋದ ಸೋಮವಾರ ಪಿಂಚಣಿ ಕಾಗದದ ಕೆಲಸವಿದೆ ಎಂದು ಗುರುದೇವಿಗೆ ಸುಳ್ಳು ಹೇಳಿ ಯಾದಗಿರಿಗೆ ಹೋಗಿದ್ದ. ಶಹಾಪುರದೊಳಗೆ ಹಾಯುವಾಗ ಲಾಡ್ಲೇಸಾಬನ ರಸ್ತೆ ತಪ್ಪಿಸಿ ಸುತ್ತು ಹಾಕಿಕೊಂಡು ಹೋದ. ಭೀಮೇಶ ಮೂವತ್ತರ ಹುಡುಗುಮುಖದವನು, ಗ್ಯಾರೇಜಿನ ನೆಲಕ್ಕೆ ಟೈಲ್ಸ್ ಹಾಕಿಸಿದ್ದ. ಅವನ ಅಪ್ಪನ ಕಾಲದ, ಮಿಣುಕುವ ದೀಪದ ಒಂದು ಯಂತ್ರ ತಂದು ಎಂಜಿನ್ನಿಗೆ ಹಿಡಿದ. ಹಿಡಿದವನೇ ಜೋರಾಗಿ ನಕ್ಕ. “ಅಂಕಲ್, ಇದಕ್ಕ ಟೈಮಿಂಗ್ ಇಟ್ಟವರು ಯಾರ್ರಿ? ಕಿವುಡ ಇಟ್ಟಂಗ ಅದಲ್ರಿ!” ಸುತ್ತ ನಿಂತಿದ್ದ ನಾಲ್ಕು ಮಂದಿ ನಕ್ಕರು. ಜಗದೇವಪ್ಪನೂ ನಕ್ಕ. ನಗುವಿನ ಕೊನೆಯಲ್ಲಿ ಅದು ತನ್ನ ಬಾಯಿಂದಲೇ ಬರುತ್ತಿದೆ ಎಂದು ಗೊತ್ತಾಗಿ ನಿಲ್ಲಿಸಿದ. “ಯಾರ ಕಡೆ ಮಾಡಸ್ತಿದ್ರಿ?” ಎಂದು ಭೀಮೇಶ ಕೇಳಿದ. “ಹಿಂಗ... ಹಾದ್ಯಾಗ ಯಾರೋ ಒಬ್ರು” ಎಂದ. ಮೂವತ್ತೊಂದು ವರ್ಷ ಬಸಿಯಲ್ಲಿ ಚಾ ಹಂಚಿಕೊಂಡು ಕುಡಿದವನು, ಹಾದಿಯಲ್ಲಿನ ಯಾರೋ ಒಬ್ಬ. ವಾಪಸು ಬರುವಾಗ ದೋರನಹಳ್ಳಿ ದಾಟಿದ ಮೇಲೆ ಎಂಜಿನ್ನು ಬೆಣ್ಣೆಯ ಹಾಗೆ ಓಡುತ್ತಿತ್ತು. ಕಳೆದುಹೋಗಿದ್ದದ್ದೇನೋ ಮರಳಿ ಬಂದಂತೆ ಅವನಿಗೆ ಹಾಡಬೇಕೆನಿಸಿತು. ಆಮೇಲೆ ಆ ನಗು ನೆನಪಾಯಿತು, ಗಾಜು ಇಳಿಸಿ ಉಗುಳಿದ.

ಅಂಟು ಹೋಗುವುದಿಲ್ಲ ಎಂದು ಗೊತ್ತಾದ ಮೇಲೆ ಅವನು ಬಾನೆಟ್ ಮುಚ್ಚಿ ಹೊರಟ. ಚೋಕ್ ಎಳೆದು ಚಾವಿ ತಿರುವಿದರೆ ಫಿಯಾಟು ಒಂದೇ ಸಲಕ್ಕೆ ಎದ್ದಿತು. ಸುರಪುರದ ಇಳಿಜಾರು ಇಳಿದು, ಕಾಲುವೆ ದಾಟಿ, ಭತ್ತದ ಗದ್ದೆಗಳ ನಡುವೆ ಸದ್ದಿಲ್ಲದೆ ಸಾಗುವಾಗ ಆ ಸುಖವೇ ಅವನಿಗೆ ಮುಳ್ಳಾಗಿ ಚುಚ್ಚತೊಡಗಿತು. ಲಾಡ್ಲೇಸಾಬ ಕಿವುಡನಾದರೂ ಕೈ ಸತ್ತಿಲ್ಲ. ಮುಂದಿನ ಗಾಲಿಯ ಮೇಲಿನ ತಗಡಿನ ರೆಕ್ಕೆಗೆ ಕೈ ಇಟ್ಟರೆ ಸಾಕು, ನಡುಕ ಕಡಿಮೆಯಾಗಿದೆ ಎಂದು ತಿಳಿಯುತ್ತದೆ. ಮಾಡಲು ಏನೂ ಉಳಿದಿಲ್ಲ ಎಂದು ತಿಳಿಯುತ್ತದೆ. ಹೋದ ತಿಂಗಳು ಅವನ ಹೆಂಡತಿ ಹಜರಾಬೀ ಚಾ ಕೊಡುತ್ತ ತಗ್ಗಿದ ದನಿಯಲ್ಲಿ ಹೇಳಿದ್ದಳು: “ಎಲ್ಲಾ ಗಾಡಿ ಬಂದಾದವ್ರಿ. ಗಿರಣಿಯವರ ಅಂಬಾಸಿಡರ್ ಗುಜರಿಗೆ ಹೋತು, ಡಾಕ್ಟ್ರದು ಮಾರಿದ್ರು. ಈಗ ನಿಮ್ಮದೊಂದೇ. ನಿಮ್ಮ ಗಾಡಿ ಬರೋ ದಿನ ನೋಡ್ರಿ, ಮುಂಜಾನೆದ್ದು ಜಳಕ ಮಾಡಿ ತೊಳದಂಗಿ ಹಾಕ್ಕೋತಾರ. ಅದೊಂದು ದಿನ ಅವರು ಮಿಸ್ತ್ರಿ. ಉಳದ ದಿನ ಖಾಲಿ ಮುದುಕ.” ಆ ಒಂದು ದಿನವನ್ನು ತಾನು ಯಾದಗಿರಿಯಲ್ಲಿ ಕೊಟ್ಟು ಬಂದಿದ್ದ. ಹತ್ತಿಗುಡೂರ ಕ್ರಾಸ್ ಇನ್ನೂ ಬಂದಿರಲಿಲ್ಲ, ಅವನು ಜಾಲಿಯ ನೆರಳು ನೋಡಿ ಕಾರನ್ನು ಪಕ್ಕಕ್ಕೆ ಹಾಕಿದ.

ಏನು ಮಾಡಲು ಇಳಿದೆ ಎಂಬುದು ಬಾನೆಟ್ ಎತ್ತಿ, ಹಿಂದಿನ ಡಿಕ್ಕಿಯಿಂದ ನಟ್ಟು ತಿರುವುವ ಪಾನಾ ತಂದು ಬಗ್ಗಿದ ಮೇಲೆ ಅವನಿಗೇ ಸ್ಪಷ್ಟವಾಯಿತು. ಕನ್ನಡಕ ಕಾರಿನೊಳಗೇ ಉಳಿದಿತ್ತು. ತಡವಿಯೇ ನಟ್ಟು ಹುಡುಕಿದ. ಬಿಸಿಗೆ ಬೆರಳು ಸುಟ್ಟಿತು, ಊದಿಕೊಂಡ, ಮತ್ತೆ ಹಿಡಿದ. ನಟ್ಟು ಸಡಿಲಾಯಿತು. ಎಷ್ಟು ತಿರುಗಿಸಿದರೆ ಮೊದಲಿನಷ್ಟೇ ಕೆಡುತ್ತದೆ? ಬಹಳ ಕೆಟ್ಟರೆ ಶಹಾಪುರ ಮುಟ್ಟುವುದಿಲ್ಲ, ಕಡಿಮೆ ಕೆಟ್ಟರೆ ಲಾಡ್ಲೇಸಾಬನಿಗೆ ಕೆಲಸವಿರುವುದಿಲ್ಲ. ಜೀವಮಾನದಲ್ಲಿ ಅವನು ಇಷ್ಟು ನಾಜೂಕಾಗಿ ಏನನ್ನೂ ಕೆಡಿಸಿರಲಿಲ್ಲ. ಬೈಕಿನಲ್ಲಿ ಹೋಗುತ್ತಿದ್ದ ಒಬ್ಬ ರೈತ ನಿಂತು, “ಕೆಟ್ಟದೇನ್ರಿ ಕಾಕಾ?” ಎಂದ.

“ಇಲ್ಲಪ, ಚಲೋ ಅದ.”

“ಮತ್ಯಾಕ ನಿಂತೀರಿ?”

ಜಗದೇವಪ್ಪ ಮತ್ತೆ ಎಂಜಿನ್ನಿನ ಮೇಲೆ ಬಗ್ಗಿದ. ರೈತ ಅವನನ್ನೂ ಕಾರನ್ನೂ ಒಂದು ಸಲ ನೋಡಿ, ಬಿಸಿಲಿಗೆ ತಲೆ ಕೆಟ್ಟಿರಬೇಕು ಎಂಬ ಹಾಗೆ ಹೋಗಿಬಿಟ್ಟ. ಜಗದೇವಪ್ಪ ಡಬ್ಬಿಯನ್ನು ಒಂದಿಷ್ಟು ತಿರುಗಿಸಿ ನಟ್ಟು ಬಿಗಿದು ಚಾವಿ ತಿರುವಿದ. ಎಂಜಿನ್ನು ಎರಡು ಸಲ ತೊದಲಿ, ಮೂರನೆಯದಕ್ಕೆ ಹಳೆಯ ಉಬ್ಬಸದೊಂದಿಗೆ ಎದ್ದಿತು. ಆ ಉಬ್ಬಸ ಕೇಳಿ ಅವನ ಎದೆ ಹಗುರಾಯಿತು. ಹಗುರಾದ ಎದೆಯಿಂದಲೇ ಅವನಿಗೆ ಕಾರಿನ ಮೇಲೆ ಕರುಳು ಕಿತ್ತು ಬರುವಷ್ಟು ಮರುಕವಾಯಿತು. “ತಪ್ಪು ತಿಳಕೋಬ್ಯಾಡ” ಎಂದು ಸ್ಟೀರಿಂಗಿನ ಮೇಲೆ ತಟ್ಟಿದ. ಟಣಟಣ ಬಡಿದುಕೊಳ್ಳುತ್ತ ಫಿಯಾಟು ಶಹಾಪುರದ ಗುಡ್ಡ ಕಾಣುವವರೆಗೆ ಅವನ ಮಾತು ನಡೆಸಿಕೊಟ್ಟಿತು.

ಲಾಡ್ಲೇಸಾಬ ಬೇವಿನ ಮರದ ಕೆಳಗೆ, ಹಳೆಯ ಟೈರಿನ ಮೇಲೆ, ತೊಳೆದ ಅಂಗಿಯಲ್ಲಿ ಕೂತಿದ್ದ. ಪಾನಾಗಳನ್ನು ಗೋಣಿತಟ್ಟಿನ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಜೋಡಿಸಿಟ್ಟಿದ್ದ. ಕಾರು ನಿಂತದ್ದು ಕಂಡು ಎದ್ದ, ಎಪ್ಪತ್ನಾಲ್ಕರ ಮಂಡಿಗಳು ಒಂದೊಂದಾಗಿ ನೆಟ್ಟಗಾದವು. “ಬರ್ರಿ ಸಾಹೇಬ್ರ. ಇವತ್ತ ತಡ ಆತಲ್ಲ” ಎಂದು ರೆಕ್ಕೆಯ ಮೇಲೆ ಅಂಗೈ ಇಟ್ಟ, ದನದ ಬೆನ್ನು ಸವರುವ ಹಾಗೆ. ಎಂಜಿನ್ನು ಇನ್ನೂ ಓಡುತ್ತಿತ್ತು. ಸ್ವಲ್ಪ ಹೊತ್ತು ಹಾಗೇ ನಿಂತು, “ಬಂದ್ ಮಾಡ್ರಿ” ಎಂದು ಬಾನೆಟ್ ಎತ್ತಿದ. ಜಗದೇವಪ್ಪ ಇಳಿದು ಬಂದು ಪಕ್ಕದಲ್ಲಿ ನಿಂತ. ಲಾಡ್ಲೇಸಾಬ ಬಾನೆಟ್ಟಿನ ಒಳಮೈ ನೋಡಿದ. ಬೆರಳಿನಿಂದ ಮುಟ್ಟಿದ. ಬೆರಳನ್ನು ಮೂಸಿ ಅಂಗಿಗೆ ಒರೆಸದೆ ಪ್ಯಾಂಟಿಗೆ ಒರೆಸಿಕೊಂಡ. ಅಷ್ಟೇ. ಜಗದೇವಪ್ಪನಿಗೆ ಉಸಿರು ಬಂತು. ಆಮೇಲೆ ಲಾಡ್ಲೇಸಾ‌ಬ ಬಗ್ಗಿ, ಜೇಬಿನಿಂದ ಸಣ್ಣ ಬ್ಯಾಟರಿ ತೆಗೆದು ಡಬ್ಬಿಯ ಬುಡಕ್ಕೆ ಬೆಳಕು ಬಿಟ್ಟ. ಬಗ್ಗಿದವನು ಏಳಲಿಲ್ಲ.

“ಸಾಹೇಬ್ರ, ಇಲ್ಲಿ ನೋಡ್ರಿ. ಯಾರೋ ಬಿಳಿ ಬಣ್ಣದ ಗೆರಿ ಹೊಡದಾರ. ಅರ್ಧ ಡಬ್ಬಿ ಮ್ಯಾಲ, ಅರ್ಧ ಎಂಜಿನ್ ಮ್ಯಾಲ. ಟೈಮಿಂಗ್ ಇಟ್ಟ ಮ್ಯಾಲ ಗುರ್ತಿಗೆ ಹೊಡಿತಾರ ಇದನ್ನ. ಸಣ್ಣ ಗೆರಿ, ಸ್ವಚ್ಛ ಅದ. ಹೊಡದವ ಕಲತವ ಇದ್ದಾನ.”

ಜಗದೇವಪ್ಪ ಕನ್ನಡಕ ಹಾಕಿಕೊಂಡು ನೋಡಿದ. ಮೊದಲ ಸಲ ನೋಡಿದ. ಅಕ್ಕಿಕಾಳಿನಷ್ಟು ಉದ್ದದ ಬಿಳಿ ಗೆರೆ, ನಡುವೆ ಮುರಿದು, ಮೇಲಿನ ಅರ್ಧ ಪಕ್ಕಕ್ಕೆ ಸರಿದು ಕೆಳಗಿನದರಿಂದ ಬೇರೆಯಾಗಿ ನಿಂತಿತ್ತು.

“ಗೆರಿ ಮುರದದ. ಅವ ಇಟ್ಟ ಮ್ಯಾಲ ಯಾರೋ ಸರಿಸ್ಯಾರ. ಸರಿ ಇದ್ದದ್ದನ್ನ ಕೆಡಿಸ್ಯಾರ. ಯಾರು ಇದ್ದೀತು?”

“ನಾನು” ಎಂದ ಜಗದೇವಪ್ಪ, ತನಗೇ ಕೇಳದಷ್ಟು ಮೆಲ್ಲಗೆ.

“ಹಾಂ?”

“ನಾನ್ರಿ.”

ಲಾಡ್ಲೇಸಾಬ ಅವನ ತುಟಿಗಳನ್ನೇ ನೋಡುತ್ತಿದ್ದ. ತುಟಿ ಸರಿಯಾಗಿ ಆಡಿರಲಿಲ್ಲ. “ಜೋರ ಹೇಳ್ರಿ.”

“ನಾನೇ!” ಎಂದು ಜಗದೇವಪ್ಪ ಕೂಗಿದ. ಎದುರಿನ ಪಂಕ್ಚರ್ ಅಂಗಡಿಯವನು ತಲೆ ಎತ್ತಿದ. “ನಾನೇ ಕೆಡಿಸೀನಿ, ಲಾಡ್ಲೇ ಭಾಯ್! ಯಾದಗಿರ್ಯಾಗ ಮಾಡಿಸಿದ್ದೆ! ನಿಮಗ ಗೊತ್ತಾಗಬಾರದಂತ ಹಾದ್ಯಾಗ ಕೆಡಿಸಿದೆ!” ತಪ್ಪೊಪ್ಪಿಗೆ ಪಿಸುಮಾತಿನಲ್ಲಿ ಆಗುವಂಥದ್ದು ಎಂದು ಇಷ್ಟು ದಿನ ತಿಳಿದಿದ್ದವನಿಗೆ ಅದನ್ನು ಬಜಾರಿನಲ್ಲಿ ನಿಂತು ಸಾರಬೇಕಾಗಿ ಬಂತು. ಹಜರಾಬೀ ಬಾಗಿಲಿಗೆ ಬಂದು, ಸೆರಗು ಬಾಯಿಗಿಟ್ಟುಕೊಂಡು ನಿಂತಳು. ಲಾಡ್ಲೇಸಾಬ ನಿಧಾನವಾಗಿ ಟೈರಿನ ಮೇಲೆ ಕೂತ. ಬ್ಯಾಟರಿ ಕೈಯಲ್ಲಿ ಇನ್ನೂ ಉರಿಯುತ್ತಿತ್ತು.

“ಕುಂದರ್ರಿ” ಎಂದ. ಜಗದೇವಪ್ಪ ಗೋಣಿತಟ್ಟಿನ ತುದಿಗೆ ಕೂತ. “ನನ್ನ ಕಿವಿ ಹೋಗಿ ಎರಡು ವರ್ಷ ಆತು. ಹಜರಾಗ ಗೊತ್ತದ. ನಿಮಗ ಗೊತ್ತದ. ನಿಮಗ ಗೊತ್ತದ ಅಂಬೋದು ನನಗ ಗೊತ್ತದ. ಸ್ಕ್ರೂಡ್ರೈವರ್ ಹಲ್ಲಿನ್ಯಾಗ ಹಿಡದ್ರ ನಡುಗೋದು ತಿಳಿತದ, ಆವಾಜ್ ತಿಳಿಯಂಗಿಲ್ಲ. ಅಂಗಡಿ ಬಂದ್ ಮಾಡ್ತೀನಿ ಅಂದೆ ಹಜರಾಗ. ಆಮ್ಯಾಲ ಅನಿಸ್ತು, ಸಾಹೇಬ್ರ ಅದಾರಲ್ಲ. ಮೂವತ್ತು ವರ್ಷ ಬಾಜೂಕ ನಿಂತು ಕೇಳ್ಯಾರ. ಈ ಗಾಡಿ ಹೆಂಗ ಮಾತಾಡ್ತದಂತ ನನ್ನಷ್ಟೇ ಅವರಿಗೂ ಗೊತ್ತದ. ಅದಕ್ಕ ನಿಮ್ಮನ್ನ ಕೇಳ್ತಿದ್ದೆ, ಈಗ ಹೆಂಗದ, ಈಗ ಹೆಂಗದ ಅಂತ. ನೀವು ಸರಿ ಅಂದ ಜಾಗಾದಾಗ ನಟ್ ಬಿಗದೀನಿ. ನನ್ನ ಕೈ, ನಿಮ್ಮ ಕಿವಿ. ಇಬ್ರೂ ಕೂಡಿ ಒಬ್ಬ ಮಿಸ್ತ್ರಿ ಆಗೀವಿ ಅಂತ ತಿಳಕೊಂಡಿದ್ದೆ.”

ಬೇವಿನ ಎಲೆಯೊಂದು ಬಂದು ಪಾನಾಗಳ ಸಾಲಿನ ಮೇಲೆ ಬಿತ್ತು. ಜಗದೇವಪ್ಪನಿಗೆ ಒಂದೊಂದು ‘ಸರಿ’ಯೂ ನೆನಪಾಗತೊಡಗಿತು. ಮಳೆ ಬರುವಂತಿದ್ದ ಆಷಾಢದ ಶನಿವಾರ. ಎಂಜಿನ್ನು ಇನ್ನೂ ಗದರುತ್ತಿತ್ತು, ಕಿವಿಗೆ ಚೆನ್ನಾಗಿ ಕೇಳಿತ್ತು, ಆದರೆ ಲಾಡ್ಲೇಸಾಬ ಬಗ್ಗಿ ಬಹಳ ಹೊತ್ತಾಗಿದೆ, ಸೊಂಟ ನೋಯುತ್ತಿರಬೇಕು ಎಂದು ಸರಿ ಅಂದಿದ್ದ. ದಸರೆಯ ಹಿಂದಿನ ಶನಿವಾರ. ಲಾಡ್ಲೇಸಾಬ ಮೂರು ಸಲ ಕೇಳಿದ್ದ, ನಾಲ್ಕನೆಯ ಸಲ ಇಲ್ಲ ಎನ್ನುವುದು ಮರ್ಯಾದೆಯಲ್ಲ ಎಂದು ಸರಿ ಅಂದಿದ್ದ. ಹೋದ ತಿಂಗಳು, ಚಾ ಆರಿಹೋಗುತ್ತಿದೆ ಎಂದು ಸರಿ ಅಂದಿದ್ದ. ಆಮೇಲೆ ಮನೆಗೆ ಹೋಗಿ, ಪಾಪ, ಅವನಿಗೆ ಕಿವಿ ಕೇಳುವುದಿಲ್ಲ ಎಂದು ನಿಟ್ಟುಸಿರು ಬಿಟ್ಟಿದ್ದ. ಯಾದಗಿರಿಯಲ್ಲಿ ಭೀಮೇಶ ಹೇಳಿದ ಕಿವುಡ ಲಾಡ್ಲೇಸಾಬನಲ್ಲ, ತಾನು. ಕೇಳಿಯೂ ಕೇಳದವನು. ಬೋನಾಳದ ಏರಿನಲ್ಲಿ ಹೆಂಡತಿಯನ್ನು ಕಲ್ಲಿನ ಮೇಲೆ ಕೂರಿಸಿದವನೂ ತಾನೇ, ಉಳ್ಳಾಗಡ್ಡಿ ಚೀಲದ ಮೇಲೆ ಏರಿಸಿದವನೂ ತಾನೇ. ಏನಾದರೂ ಹೇಳಬೇಕಿತ್ತು, ಹೇಳಿದರೆ ಕೂಗಿಯೇ ಹೇಳಬೇಕು, ಕೂಗಲು ದನಿಯಿರಲಿಲ್ಲ.

“ಸುಳ್ಳ ಹೇಳ್ತಿದ್ದೆ” ಎಂದ ಕೊನೆಗೆ. ಈ ಸಲ ತುಟಿ ಚೆನ್ನಾಗಿ ಆಡಿತು. “ಪ್ರತಿ ಸಲಾ.”

“ಹೌದಲ್ಲ” ಎಂದ ಲಾಡ್ಲೇಸಾಬ. ಉರಿಯುತ್ತಿದ್ದ ಬ್ಯಾಟರಿ ಆರಿಸಿ ಜೇಬಿಗಿಟ್ಟ. ಆಮೇಲೆ ಕೈ ಚಾಚಿ, “ಯಾದಗಿರಿಯವನ ನಂಬರ್ ಅದ ಏನು?” ಎಂದು ಕೇಳಿದ. ಜಗದೇವಪ್ಪ ಜೇಬಿನಿಂದ ಎರಡು ಚೂರು ತೆಗೆದು ಕೊಟ್ಟ. ಲಾಡ್ಲೇಸಾಬ ಅವುಗಳನ್ನು ತೊಡೆಯ ಮೇಲೆ ಹಚ್ಚಿ ಜೋಡಿಸಿದ, ಹೆಸರು ಓದಿದ, ನಂಬರು ಕೂಡಿತೋ ಇಲ್ಲವೋ ನೋಡಿದ, ಕೂಡಿಸಿಯೇ ವಾಪಸು ಕೊಟ್ಟ. “ಕಳಕೋಬ್ಯಾಡ್ರಿ. ಕೆಲಸ ಚಲೋ ಮಾಡ್ಯಾನ. ನಾ ಇಲ್ಲದಾಗ ಈ ಗಾಡಿಗೆ ಒಬ್ಬ ಬೇಕಲ್ಲ.” ಈ ಮಾತನ್ನು ಅವನು ಎಷ್ಟು ಸಲೀಸಾಗಿ ಹೇಳಿದನೆಂದರೆ, ಜಗದೇವಪ್ಪ ಚೂರುಗಳನ್ನು ಮುಷ್ಟಿಯಲ್ಲಿ ಹಿಡಿದು ಮುಖ ಆ ಕಡೆ ತಿರುಗಿಸಬೇಕಾಯಿತು. ಹಜರಾಬೀ ಬಾಗಿಲಿನಿಂದ ಒಳಗೆ ಹೋಗಿ ಸ್ಟೋವಿನ ಮೇಲೆ ನೀರಿಟ್ಟ ಸದ್ದು ಕೇಳಿತು.

“ಗೆರಿಗೆ ಗೆರಿ ಕೂಡಿಸಿದ್ರ ಒಂದು ಮಿನಿಟಿನ ಕೆಲಸ” ಎನ್ನುತ್ತ ಲಾಡ್ಲೇಸಾಬ ಎದ್ದ. “ಆದ್ರ ಅದು ಅವನ ಕೆಲಸ ಆತು. ಚಾಲೂ ಮಾಡ್ರಿ.” ಜಗದೇವಪ್ಪ ಚಾವಿ ತಿರುವಿ ಬರುವಷ್ಟರಲ್ಲಿ ಅವನು ಹೆಬ್ಬೆರಳಿಗೆ ಗ್ರೀಸು ಬಳಿದುಕೊಂಡು ಬಿಳಿ ಗೆರೆಯ ಎರಡೂ ಚೂರುಗಳ ಮೇಲೆ ಒತ್ತಿ ಮುಚ್ಚಿಬಿಟ್ಟಿದ್ದ. ನಟ್ಟು ಸಡಿಲಿಸಿ, ಡಬ್ಬಿಯನ್ನು ಅಂಗೈಯಲ್ಲಿ ಹಿಡಿದು, ಸ್ಕ್ರೂಡ್ರೈವರಿನ ಹಿಡಿಕೆಯನ್ನು ಹಲ್ಲಿನಲ್ಲಿ ಕಚ್ಚಿದ. ಕಣ್ಣು ಎಂಜಿನ್ನಿನ ಮೇಲಿರಲಿಲ್ಲ, ಜಗದೇವಪ್ಪನ ಮುಖದ ಮೇಲಿತ್ತು. ಅವನು ಕೂದಲೆಳೆಯಷ್ಟು ತಿರುಗಿಸಿ ಹುಬ್ಬು ಏರಿಸಿದ. ಹೆಂಗದ?

ಎಂಜಿನ್ನು ಉಬ್ಬಸ ಬಿಡುತ್ತಿತ್ತು. ಮುದುಕನ ಸೊಂಟ ಬಗ್ಗಿತ್ತು. ತೊಳೆದ ಅಂಗಿಯ ಕಂಕುಳಲ್ಲಿ ಆಗಲೇ ಬೆವರು ಮೂಡಿತ್ತು. ‘ಸರಿ’ ಎಂಬ ಮಾತು ತಾನಾಗಿಯೇ ಎದ್ದು ನಾಲಿಗೆಯ ತುದಿಗೆ ಬಂದು ನಿಂತಿತು, ಎಷ್ಟೋ ವರ್ಷದ ಅಭ್ಯಾಸದಿಂದ. ಜಗದೇವಪ್ಪ ಅದನ್ನು ನುಂಗಿದ.

“ಇಲ್ಲ!”

ಲಾಡ್ಲೇಸಾಬ ತಲೆ ಆಡಿಸಿ ಇನ್ನೊಂದಿಷ್ಟು ತಿರುಗಿಸಿದ. ಎಂಜಿನ್ನು ಗದರಿತು.

“ಇಲ್ಲ! ಹಿಂದಕ!”

ಪಂಕ್ಚರ್ ಅಂಗಡಿಯವನು ಕೆಲಸ ಬಿಟ್ಟು ರಸ್ತೆಗೆ ಬಂದ. ತರಕಾರಿ ಚೀಲ ಹಿಡಿದ ಇಬ್ಬರು ನಿಂತರು. ಇವರಿಬ್ಬರಿಗೂ ಜಗಳ ಬಿದ್ದಿದೆ ಎಂದುಕೊಂಡರೋ ಏನೋ. ಒಬ್ಬ ಹಿರಿಯ ಮನುಷ್ಯ ಇನ್ನೊಬ್ಬ ಹಿರಿಯ ಮನುಷ್ಯನ ಮುಖಕ್ಕೆ ಮುಖ ಕೊಟ್ಟು ಇಲ್ಲ, ಇಲ್ಲ ಎಂದು ಅರಚುತ್ತಿದ್ದಾನೆ, ಅನ್ನಿಸಿಕೊಳ್ಳುವವನು ಸ್ಕ್ರೂಡ್ರೈವರ್ ಕಚ್ಚಿಕೊಂಡ ಬಾಯಿಂದಲೇ ನಗುತ್ತಿದ್ದಾನೆ. ಅರವತ್ಮೂರು ವರ್ಷದಲ್ಲಿ ಜಗದೇವಪ್ಪ ಯಾರ ಮುಖಕ್ಕೂ ಇಷ್ಟು ಸಲ ಇಲ್ಲ ಅಂದಿರಲಿಲ್ಲ. ಅಂದಷ್ಟೂ ಎದುರಿನ ಮುಖ ಸಣ್ಣದಾಗದೆ, ಎರಡು ವರ್ಷದಿಂದ ಮುಚ್ಚಿದ್ದದ್ದೇನೋ ತೆರೆದಂತೆ ಬೆಳಗುತ್ತ ಹೋಗುವುದನ್ನು ಅವನು ಬೆರಗಾಗಿ ನೋಡಿದ. ಹಜರಾಬೀ ಎರಡು ಕಪ್-ಬಸಿ ಹಿಡಿದು ಬಂದವಳು ಅವರನ್ನು ನೋಡಿ ಚಾ ಕೊಡದೆ ಹಾಗೇ ನಿಂತಳು. ಚಾ ಆರುತ್ತಿತ್ತು. ಆರಲಿ.

“ಇಲ್ಲ! ಇನ್ನೊಂದು ಜರಾ! ಅಲ್ಲ, ಬಹಳ ಆತು!”

ಆಮೇಲೆ ಒಂದು ಗಳಿಗೆಯಲ್ಲಿ ಉಬ್ಬಸವೂ ಇಲ್ಲ, ಗದರಿಕೆಯೂ ಇಲ್ಲ. ಸದ್ದು ಸಮನಾಗಿ, ಉದ್ದಕ್ಕೆ, ಊಟ ಮಾಡಿ ಮಲಗಿದ ಮನುಷ್ಯನ ಉಸಿರಿನ ಹಾಗೆ ನಡೆಯತೊಡಗಿತು. ಬೇವಿನಲ್ಲಿ ಗುಬ್ಬಿ ಕೂಗುವುದೂ ಅದರೊಳಗಿಂದ ಕೇಳುತ್ತಿತ್ತು. ಜಗದೇವಪ್ಪ ಕಣ್ಣು ಮುಚ್ಚಿದ. ಆಣೆಕಟ್ಟಿನ ಅಳತೆಗೋಲಿನ ಮುಂದೆ ನಿಲ್ಲುತ್ತಿದ್ದ ಹಾಗೆ ನಿಂತು, ಒಂದು ಸಲ ಅಲ್ಲ, ಎರಡು ಸಲ ಅಲ್ಲ, ಮೂರು ಸಲ ಕೇಳಿದ.

“ಸರಿ ಅದ” ಎಂದ.

ಕಣ್ಣು ತೆರೆದಾಗ ಲಾಡ್ಲೇಸಾಬ ಪಾನಾ ಎತ್ತಿಕೊಂಡಿರಲಿಲ್ಲ. ಹಲ್ಲಿನಿಂದ ಸ್ಕ್ರೂಡ್ರೈವರ್ ತೆಗೆದಿದ್ದ. ಒಂದು ಕೈಯಲ್ಲಿ ಡಬ್ಬಿಯನ್ನು ಅಲ್ಲಾಡದಂತೆ ಹಿಡಿದುಕೊಂಡು ಜಗದೇವಪ್ಪನ ಕಣ್ಣುಗಳನ್ನೇ ನೋಡುತ್ತಿದ್ದ. ಆ ಮಾತನ್ನು ಅವನು ಮೊದಲೂ ಕೇಳಿದ್ದ.

“ಖರೆ ಏನು?”

“ಖರೆ.”

ಲಾಡ್ಲೇಸಾಬ ತಲೆ ಆಡಿಸಿದ. ಆಮೇಲೆ ಬಗ್ಗಿ, ಗೋಣಿತಟ್ಟಿನ ಮೇಲಿನ ಸಾಲಿನಿಂದ ಸಣ್ಣ ಪಾನಾ ಎತ್ತಿಕೊಂಡು ನಟ್ಟು ಬಿಗಿದ.